ಮಾಯಾಲೋಕದ ಕಥೆಗಳೆಲ್ಲ ಒಂದೇ ಅಲ್ಲ

ಪುಸ್ತಕದಂಗಡಿಗಳಲ್ಲಿ ‘ಫ್ಯಾಂಟಸಿ’ ಎಂಬ ಒಂದೇ ಹಣೆಪಟ್ಟಿಯಡಿ ಹತ್ತು ಬಗೆಯ ಕಥೆಗಳನ್ನು ಪೇರಿಸಿಡುವುದು ರೂಢಿ. ಎಂಟು ವರ್ಷದ ಮಗುವಿಗೆಂದು ಒಯ್ದ ಪುಸ್ತಕದ ತುಂಬ ರಕ್ತಪಾತವಿದ್ದರೆ ಅದಕ್ಕೆ ಇದೂ ಒಂದು ಕಾರಣ. ಮಾಯೆ ನಡೆಯುವುದು ಎಲ್ಲಿ ಎಂದು ಕೇಳಿಕೊಂಡರೆ ಅರ್ಧ ಗೊಂದಲ ತೀರುತ್ತದೆ.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ನಡೆಯುವ ಲೋಕಕ್ಕೆ ತನ್ನದೇ ನಕಾಶೆ, ಭಾಷೆ, ಇತಿಹಾಸಗಳಿವೆ. ಅಲ್ಲಿ ಪಣಕ್ಕಿರುವುದು ಇಡೀ ಲೋಕದ ಅಳಿವು ಉಳಿವು. ಇದು ‘ಹೈ ಫ್ಯಾಂಟಸಿ’. 1932ರಲ್ಲಿ ರಾಬರ್ಟ್ ಹೋವರ್ಡ್ ಸೃಷ್ಟಿಸಿದ ಕೊನಾನ್‌ನ ಜಗತ್ತೂ ಕಲ್ಪಿತವೇ. ಆದರೆ ಆತನಿಗೆ ಲೋಕೋದ್ಧಾರದ ಗೊಡವೆ ಕಡಿಮೆ. ತಲೆ ಉಳಿದು ಕೈಗಿಷ್ಟು ಚಿನ್ನ ಸಿಕ್ಕರೆ ಸಾಕು. ಇಂಥ ಕತ್ತಿ-ಮಾಟದ ಕಥೆಗಳಿಗೆ ‘ಸ್ವೋರ್ಡ್ ಅಂಡ್ ಸಾರ್ಸರಿ’ ಎಂಬ ಹೆಸರು ಕೊಟ್ಟವರು ಫ್ರಿಟ್ಜ್ ಲೈಬರ್, 1961ರಲ್ಲಿ. ಸಿ.ಎಸ್. ಲೂಯಿಸ್ ಅವರ 1950ರ ನಾರ್ನಿಯಾ ಕಥೆಯ ಮಕ್ಕಳು ಬಟ್ಟೆಯ ಕಪಾಟಿನೊಳಗಿಂದ ಇನ್ನೊಂದು ಲೋಕಕ್ಕೆ ಹೋಗುತ್ತಾರೆ. ಇದು ‘ಪೋರ್ಟಲ್ ಫ್ಯಾಂಟಸಿ’.

ಮಾಯೆಯೇ ನಮ್ಮ ಮನೆಗೆ ಬಂದರೆ ಅದು ‘ಲೋ ಫ್ಯಾಂಟಸಿ’. ‘ಲೋ’ ಎಂದರೆ ಕೀಳು ಎಂದಲ್ಲ. ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹೆಣೆದ ‘ನಾಗಮಂಡಲ’ದಲ್ಲಿ ನಾಗ ರಾತ್ರಿ ಗಂಡನ ರೂಪದಲ್ಲಿ ರಾಣಿಯ ಬಳಿ ಬರುತ್ತದೆ. ಹಗಲಿನ ಗಂಡ ನಿಷ್ಠುರಿ, ಇರುಳಿನವನು ಪ್ರೀತಿಯುಳ್ಳವನು. ಬೇರೆ ಲೋಕದ ಅಗತ್ಯವೇ ಇಲ್ಲ, ಒಂದು ಸಂಸಾರವೇ ಸಾಕು. ಆದರೂ ಇದಕ್ಕೆ ಇಂಗ್ಲಿಷಿನ ಹಣೆಪಟ್ಟಿ ಅಂಟಿಸುವಾಗ ಕೈ ತಡೆಯುತ್ತದೆ. ಹಿತ್ತಿಲಲ್ಲೇ ನಾಗಬನವಿರುವ ಕಾಸರಗೋಡಿನ ಮನೆಗಳಲ್ಲಿ ನಾಗ ಕಲ್ಪನೆಯಲ್ಲ, ವರ್ಷಕ್ಕೊಮ್ಮೆ ತಂಬಿಲ ಪಡೆಯುವ ದೇವರು.