ಓದಿದ್ದಕ್ಕೊಂದು ಬರಹ

ಲಿನಕ್ಸ್ ಕಂಪ್ಯೂಟರುಗಳಲ್ಲಿ ಡಿಸ್ಕಿನ ಯಾವ ಭಾಗವನ್ನು ಎಲ್ಲಿಗೆ, ಯಾವ ಷರತ್ತುಗಳ ಮೇಲೆ ಜೋಡಿಸಬೇಕೆಂಬುದನ್ನು ಎಫ್‌ಎಸ್‌ಟ್ಯಾಬ್ ಎಂಬ ಪುಟ್ಟ ಕಡತವೊಂದು ನಿರ್ಧರಿಸುತ್ತದೆ. ಹೀಗೆ ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎಂದು ಹೆಸರು. ಆ ಕಡತದ ಪ್ರತಿ ಸಾಲಿನ ನಾಲ್ಕನೆಯ ಅಂಕಣದಲ್ಲಿ ಹೆಚ್ಚಾಗಿ ಕಾಣಸಿಗುವುದು ‘ಡಿಫಾಲ್ಟ್ಸ್’ ಎಂಬ ಒಂದೇ ಪದ. ಓದಲೂ ಬರೆಯಲೂ ಅವಕಾಶ, ಪ್ರೋಗ್ರಾಂಗಳನ್ನು ನಡೆಸಲು ಅನುಮತಿ, ಯಂತ್ರ ಶುರುವಾಗುವಾಗ ತಾನಾಗಿ ಮೌಂಟ್ ಆಗುವುದು ಮುಂತಾದ ಏಳು ಆಯ್ಕೆಗಳು ಆ ಪದದೊಳಗೆ ಅಡಗಿವೆಯೆಂದು ಕೈಪಿಡಿ ತಿಳಿಸುತ್ತದೆ. ಆದರೆ ವ್ಯವಸ್ಥೆಯ ತಿರುಳಾದ ಕರ್ನಲ್ ವಾಸ್ತವದಲ್ಲಿ ಯಾವ ಆಯ್ಕೆಗಳನ್ನು ಜಾರಿಯಲ್ಲಿರಿಸಿದೆಯೆಂದು ತೋರಿಸುವ ‘ಪ್ರಾಕ್ ಮೌಂಟ್ಸ್’ ಪಟ್ಟಿಯನ್ನು ತೆರೆದರೆ, ಆ ಏಳರಲ್ಲಿ ಇಲ್ಲದ, ಯಾರೂ ಕೇಳಿ ಹಾಕಿಸದ ‘ರೆಲ್‌ಎಟೈಮ್’ ಎಂಬ ಪದ ಅಲ್ಲಿ ಕುಳಿತಿರುತ್ತದೆ.

ಇದರ ಮೂಲ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್‌ನಲ್ಲಿದೆ. ಪ್ರತಿ ಕಡತದ ಗಾತ್ರ, ಒಡೆಯ, ಅನುಮತಿಗಳನ್ನು ದಾಖಲಿಸುವ ಐನೋಡ್ ಎಂಬ ರಚನೆಯಲ್ಲಿ, 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಮೂರು ವೇಳೆಗಳಿಗೆ ಸ್ಥಾನ ದೊರೆತಿತ್ತು: ಕಡತವನ್ನು ಕೊನೆಯ ಬಾರಿ ಓದಿದ ವೇಳೆಯಾದ ಎಟೈಮ್, ಅದರ ಒಳಗಿನ ವಿಷಯ ಬದಲಾದ ವೇಳೆಯಾದ ಎಂಟೈಮ್, ಐನೋಡ್‌ನ ವಿವರಗಳೇ ಬದಲಾದ ವೇಳೆಯಾದ ಸಿಟೈಮ್. ಮುಂದೆ 1988ರಲ್ಲಿ ಬಂದ ಪೋಸಿಕ್ಸ್ ಮಾನಕವು ಓದಿನ ವೇಳೆಯನ್ನು ಗುರುತಿಸುವುದನ್ನು ನಿಯಮವಾಗಿಯೇ ವಿಧಿಸಿದ್ದರಿಂದ, ಅದನ್ನು ಪಾಲಿಸಬಯಸುವ ಯಾವ ವ್ಯವಸ್ಥೆಗೂ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

ಕೇಳಲು ಸಾಧುವೆನಿಸುವ ಈ ನಿಯಮದ ಪರಿಣಾಮ ಮಾತ್ರ ವಿಚಿತ್ರವಾದದ್ದು: ಕಡತವನ್ನು ಓದಿದರೆ ಡಿಸ್ಕಿನ ಮೇಲೆ ಬರೆಯಬೇಕಾಗುತ್ತದೆ. ಕಡತದ ವಿಷಯ ಆಗಲೇ ಮೆಮೊರಿಯಲ್ಲಿದ್ದು ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲದಿದ್ದಾಗಲೂ, ಓದಿದ ವೇಳೆಯನ್ನು ದಾಖಲಿಸುವ ಸಲುವಾಗಿ ಡಿಸ್ಕು ಎಚ್ಚರಗೊಳ್ಳಬೇಕು. ಕರ್ನಲ್ ಇಂಥ ಬರಹಗಳನ್ನು ಒಡನೆಯೇ ಇಳಿಸದೆ ಕೊಂಚ ಹೊತ್ತು ಕೂಡಿಟ್ಟು ಒಟ್ಟಿಗೆ ಬರೆಯುತ್ತದೆಂಬುದು ನಿಜವಾದರೂ, ಲಕ್ಷಾಂತರ ಕಡತಗಳನ್ನು ಓದುವ ಸರ್ವರಿಗೂ, ಬ್ಯಾಟರಿ ಉಳಿಸಲು ಡಿಸ್ಕಿನ ತಿರುಗಾಟ ನಿಲ್ಲಿಸಬೇಕಾದ ಲ್ಯಾಪ್‌ಟಾಪಿಗೂ ಅದರಿಂದ ದೊರೆಯುವ ಪರಿಹಾರ ಅಲ್ಪ. 2007ರ ಆಗಸ್ಟ್‌ನಲ್ಲಿ ಕರ್ನಲ್ ಅಭಿವೃದ್ಧಿಕಾರ ಇಂಗೋ ಮೋಲ್ನಾರ್ ಇದನ್ನು ಲಿನಕ್ಸ್‌ನ ಅತಿ ದೊಡ್ಡ ಕಾರ್ಯಕ್ಷಮತೆಯ ದೋಷವೆಂದು ಕಟುವಾಗಿ ಟೀಕಿಸಿದರು.

ಓದಿನ ವೇಳೆಯನ್ನು ಬರೆಯಲೇಬೇಡವೆಂದು ಹೇಳುವ ‘ನೋಎಟೈಮ್’ ಆಯ್ಕೆ ಆಗಲೇ ಇತ್ತು. ಆದರೂ ಅದನ್ನೇ ಎಲ್ಲರಿಗೂ ಅನ್ವಯಿಸಲು ಅಡ್ಡಿಯಾದದ್ದು ಮಟ್‌ನಂಥ ಹಳೆಯ ಮೇಲ್ ತಂತ್ರಾಂಶಗಳು. ಒಂದು ಪೆಟ್ಟಿಗೆಯ ಪತ್ರಗಳೆಲ್ಲವೂ ಒಂದೇ ಕಡತದಲ್ಲಿ ಸಾಲಾಗಿ ಸೇರುವ ವಿಧಾನದಲ್ಲಿ, ಹೊಸ ಪತ್ರ ಬಂದೊಡನೆ ಎಂಟೈಮ್ ಮುಂದೆ ಸರಿಯುತ್ತದೆ, ಬಳಕೆದಾರ ತೆರೆದು ಓದಿದಾಗ ಎಟೈಮ್ ಅದನ್ನು ದಾಟುತ್ತದೆ. ಎಂಟೈಮ್ ಮುಂದಿದ್ದರೆ ಓದದ ಪತ್ರವಿದೆ ಎಂಬುದು ಮಟ್‌ನ ತರ್ಕ. ನೋಎಟೈಮ್ ಹಾಕಿದರೆ ಎಟೈಮ್ ನಿಂತಲ್ಲೇ ನಿಂತು, ಓದಿ ಮುಗಿಸಿದ ಪೆಟ್ಟಿಗೆಯೂ ಹೊಸ ಪತ್ರ ಬಂದಿದೆಯೆಂದೇ ಸಾರುತ್ತಿರುತ್ತದೆ.

ವ್ಯಾಲರಿ ಹೆನ್ಸನ್ ರೂಪಿಸಿದ, 2007ರ ಆರಂಭದಲ್ಲಿ 2.6.20 ಕರ್ನಲ್‌ನೊಡನೆ ಬಂದ ರೆಲ್‌ಎಟೈಮ್‌ನ ಜಾಣತನವಿರುವುದು ಈ ತರ್ಕವನ್ನು ಸರಿಯಾಗಿ ಗುರುತಿಸಿದ್ದರಲ್ಲಿ. ಮಟ್‌ಗೆ ಬೇಕಾದದ್ದು ಓದಿದ ಗಂಟೆ ನಿಮಿಷಗಳಲ್ಲ, ಬದಲಾದ ಮೇಲೆ ಒಮ್ಮೆಯಾದರೂ ಓದಲಾಯಿತೇ ಎಂಬುದಷ್ಟೇ. ಆದ್ದರಿಂದ ಎಟೈಮ್ ಉಳಿದೆರಡು ವೇಳೆಗಳಲ್ಲಿ ಒಂದಕ್ಕಾದರೂ ಸಮನಾಗಿದ್ದರೆ ಅಥವಾ ಹಿಂದಿದ್ದರೆ ಮಾತ್ರ ಅದನ್ನು ತಿದ್ದುವುದು, ಇಲ್ಲವಾದರೆ ಹಾಗೆಯೇ ಬಿಡುವುದು. ಆದರೂ ಒಂದು ತೊಡಕು ಉಳಿಯಿತು. ತಾತ್ಕಾಲಿಕ ಕಡತಗಳಲ್ಲಿ ಇಷ್ಟು ದಿನ ಬಳಕೆಯಾಗದವನ್ನು ಅಳಿಸುವ ಟಿಎಂಪಿವಾಚ್‌ನಂಥ ಪ್ರೋಗ್ರಾಂಗಳ ಕಣ್ಣಿಗೆ, ದಿನವೂ ಓದಲಾಗುತ್ತಿದ್ದರೂ ಎಂದೂ ಬದಲಾಗದ ಕಡತ ಯಾರಿಗೂ ಬೇಡವಾದದ್ದರಂತೆ ಕಾಣುತ್ತಿತ್ತು. ಎಟೈಮ್ 24 ಗಂಟೆಗಿಂತ ಹಳೆಯದಾಗಿದ್ದರೆ ಓದಿದಾಗ ಹೇಗೂ ತಿದ್ದಬೇಕೆಂಬ ನಿಯಮವನ್ನು ಮ್ಯಾಥ್ಯೂ ಗ್ಯಾರೆಟ್ ಸೇರಿಸಿದ ಬಳಿಕ, 2009ರ ಜೂನ್‌ನಲ್ಲಿ ಬಿಡುಗಡೆಯಾದ 2.6.30 ಕರ್ನಲ್‌ನಲ್ಲಿ ರೆಲ್‌ಎಟೈಮ್ ಪೂರ್ವನಿಯೋಜಿತ ಆಯ್ಕೆಯಾಯಿತು. ಮಾನಕದ ಹಳೆಯ ನಡವಳಿಕೆ ಬೇಕೆನ್ನುವವರು ‘ಸ್ಟ್ರಿಕ್ಟ್‌ಎಟೈಮ್’ ಎಂದು ಬಿಡಿಸಿ ಬರೆಯಬೇಕಾಯಿತು.

ಈ ನಿಯಮವನ್ನು ಅರಿಯದೆ ಪರೀಕ್ಷೆಗಿಳಿದವರು ಗೊಂದಲಕ್ಕೀಡಾಗುವುದು ಸಹಜ. ಹೊಸ ಕಡತವೊಂದನ್ನು ಸೃಷ್ಟಿಸಿ, ‘ಸ್ಟ್ಯಾಟ್’ ಆಜ್ಞೆಯಿಂದ ಅದರ ವೇಳೆಗಳನ್ನು ನೋಡಿಕೊಂಡು, ‘ಕ್ಯಾಟ್’ನಿಂದ ಒಮ್ಮೆ ಓದಿದರೆ ಎಟೈಮ್ ಬದಲಾಗುತ್ತದೆ, ಎರಡನೆಯ ಬಾರಿ, ಹತ್ತನೆಯ ಬಾರಿ ಓದಿದರೂ ಕದಲುವುದಿಲ್ಲ. ಒಂದು ಸಾಲು ಸೇರಿಸಿದರೆ, ಅಥವಾ ಅನುಮತಿಯನ್ನಷ್ಟೇ ಬದಲಿಸಿ ಸಿಟೈಮನ್ನು ಮುಂದೂಡಿದರೆ, ಮುಂದಿನ ಓದಿಗೆ ಮತ್ತೆ ಚಲಿಸುತ್ತದೆ. ಎಫ್‌ಎಸ್‌ಟ್ಯಾಬ್ ಒಂದನ್ನೇ ನೋಡಿ ತೀರ್ಮಾನಿಸಲಾಗದು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ. ಎಕ್ಸ್ಟ್4 ಕಡತವ್ಯವಸ್ಥೆಯ ತಲೆಬರಹದಂತಿರುವ ಸೂಪರ್‌ಬ್ಲಾಕಿನಲ್ಲಿಯೂ ‘ಡಿಫಾಲ್ಟ್ ಮೌಂಟ್ ಆಪ್ಷನ್ಸ್’ ಎಂಬ ಪ್ರತ್ಯೇಕ ನಮೂದಿದ್ದು, ‘ಟ್ಯೂನ್2ಎಫ್‌ಎಸ್’ ಆಜ್ಞೆ ಅದನ್ನು ತೋರಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಅನುಮತಿಪಟ್ಟಿಗೆ ಸಂಬಂಧಿಸಿದ ಆಯ್ಕೆಗಳೇ ಹೊರತು ಓದಿನ ವೇಳೆಯ ಸುಳಿವಲ್ಲ. ಒಂದೇ ಹೆಸರನ್ನು ಇಷ್ಟು ಕಡೆ ಬಳಸಿದ್ದು ಜಾಣತನವೆನಿಸುವುದಿಲ್ಲ.

ಓದಿದಾಗಲೆಲ್ಲ ಬರೆಯುವ ಇದೇ ಹೊರೆಯನ್ನು ಮೈಕ್ರೋಸಾಫ್ಟ್ ಇನ್ನೂ ನೇರವಾಗಿ ಕಳಚಿತು: ವಿಂಡೋಸ್ ವಿಸ್ಟಾದಲ್ಲಿ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆಯ ಕೊನೆಯ ಓದಿನ ವೇಳೆಯನ್ನು ತಿದ್ದುವುದನ್ನೇ ಪೂರ್ವನಿಯೋಜಿತವಾಗಿ ನಿಲ್ಲಿಸಿತು. ಲಿನಕ್ಸ್‌ನಲ್ಲಿ 2015ರ 4.0 ಕರ್ನಲ್ ಜತೆ ಬಂದ ‘ಲೇಜಿಟೈಮ್’ ವೇಳೆಗಳ ಬದಲಾವಣೆಯನ್ನು ಮೆಮೊರಿಯಲ್ಲಿಟ್ಟುಕೊಂಡು, ಐನೋಡನ್ನು ಬೇರೆ ಕಾರಣಕ್ಕೆ ಬರೆಯಬೇಕಾದಾಗ ಜತೆಗೇ ಇಳಿಸುತ್ತದೆ. ಸಾಮಾನ್ಯ ಬಳಕೆಗೆ ರೆಲ್‌ಎಟೈಮನ್ನು ಹಾಗೆಯೇ ಬಿಟ್ಟರೆ ನಷ್ಟವಿಲ್ಲ. ಲಿನಕ್ಸ್‌ನ ಇನ್ನೊಂದು ಕಡತವ್ಯವಸ್ಥೆಯಾದ ಬಿಟಿಆರ್‌ಎಫ್‌ಎಸ್‌ನ ಸಂಗತಿ ಬೇರೆ: ಅಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆದ ಮೇಲೆ ಕಡತಗಳನ್ನು ಬರಿದೆ ಓದುತ್ತಾ ಹೋದರೂ, ಎಟೈಮ್ ಬದಲಾದ ಪ್ರತಿ ಐನೋಡ್ ಇರುವ ಮೆಟಾಡೇಟಾ ಖಂಡ ಹೊಸ ಜಾಗದಲ್ಲಿ ನಕಲಾಗಬೇಕು, ಹಾಗಾಗಿ ಅದರ ಕೈಪಿಡಿಯೇ ನೋಎಟೈಮ್ ಬಳಸುವಂತೆ ಸಲಹೆ ನೀಡುತ್ತದೆ.