ವಿದ್ಯಾರ್ಥಿವೇತನ: ನಮ್ಮ ಸಂಘ-ಸಂಸ್ಥೆಗಳು ಕೈಜೋಡಿಸುವುದು ಹೇಗೆ?

ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಸಮಾಜದ ಮಿಲನ್‌ಗಳು, ಬಸದಿ ಟ್ರಸ್ಟ್‌ಗಳು, ಮಹಿಳಾ ಸಮಾಜಗಳು ಹಾಗೂ ಯುವಕ ಸಂಘಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನಿಸುತ್ತವೆ. ಒಂದೊಂದಕ್ಕೂ ಬೇರೆ ನಮೂನೆ, ಬೇರೆ ಕೊನೆಯ ದಿನಾಂಕ, ಬೇರೆ ಸಮಾರಂಭ. ನಗರದಲ್ಲಿದ್ದು ನಾಲ್ಕು ಜನರ ಪರಿಚಯವಿರುವ ಕುಟುಂಬ ನಾಲ್ಕು ಕಡೆ ಅರ್ಜಿ ಹಾಕುತ್ತದೆ. ತುಂಡು ಜಮೀನು ನಂಬಿಕೊಂಡ ಹಳ್ಳಿಯ ಶ್ರಾವಕ ಕುಟುಂಬಕ್ಕೆ ಎಷ್ಟೋ ಸಲ ಸುದ್ದಿಯೇ ತಲುಪುವುದಿಲ್ಲ. ಇಲ್ಲಿ ದೊಡ್ಡ ಕೊರತೆ ದಾನಿಗಳ ಔದಾರ್ಯದ್ದಲ್ಲ. ಸಂಸ್ಥೆಗಳ ನಡುವೆ ಮಾಹಿತಿ ಹರಿಯದಿರುವುದೇ ಕೊರತೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ರಾಜ್ಯದ ಜನಸಂಖ್ಯೆಯ ಶೇ. 1ಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಸಮಾಜದಲ್ಲಿ ಒಂದೇ ಕೆಲಸವನ್ನು ಹತ್ತು ಕಡೆ ಹತ್ತು ರೀತಿ ಮಾಡುವುದು ದುಬಾರಿ. ಒಗ್ಗಟ್ಟಿನ ಕೆಲಸ ನಮಗೆ ಹೊಸದೂ ಅಲ್ಲ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಊರೂರಿನ ಜೈನರನ್ನು ಒಂದೇ ವೇದಿಕೆಗೆ ತಂದು ವಿದ್ಯಾರ್ಥಿನಿಲಯಗಳಿಗೆ ದಾರಿ ಮಾಡಿತು. 1974ರಲ್ಲಿ ಭಗವಾನ್ ಮಹಾವೀರರ 2500ನೇ ನಿರ್ವಾಣೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಂದೇ ಧ್ವಜ, ಒಂದೇ ಲಾಂಛನವನ್ನು ಒಪ್ಪಿಕೊಂಡವು. ಯಾವ ಪಂಥವೂ ತನ್ನತನ ಕಳೆದುಕೊಳ್ಳಲಿಲ್ಲ.

ವಿಲೀನ ಬೇಡ, ಪಟ್ಟಿ ಒಂದಾಗಲಿ

ಸಹಕಾರ ಎಂದ ಕೂಡಲೇ 'ನಮ್ಮ ಟ್ರಸ್ಟ್ ಮುಚ್ಚಬೇಕೇ, ದಾನಿಗಳ ಹೆಸರು ಹೋಗುತ್ತದೆಯೇ' ಎಂಬ ಅಳುಕು ಮೂಡುತ್ತದೆ. ಅದರ ಅಗತ್ಯವೇ ಇಲ್ಲ. ಟ್ರಸ್ಟ್‌ಗಳು ಹಾಗೆಯೇ ಇರಲಿ. ಅರ್ಜಿ ನಮೂನೆ ಮತ್ತು ಅರ್ಜಿದಾರರ ಪಟ್ಟಿ ಮಾತ್ರ ಒಂದಾಗಲಿ.

ಒಂದು ಉದಾಹರಣೆ ನೋಡೋಣ. ಒಂದು ಜಿಲ್ಲೆಯಲ್ಲಿ ನಾಲ್ಕು ಸಂಸ್ಥೆಗಳು ತಲಾ 20 ಮಕ್ಕಳಿಗೆ 5,000 ರೂಪಾಯಿ ಕೊಡುತ್ತವೆ ಎಂದುಕೊಳ್ಳಿ. ಒಟ್ಟು 4 ಲಕ್ಷ ರೂಪಾಯಿ, 80 ಚೆಕ್‌ಗಳು. ಪಟ್ಟಿಗಳನ್ನು ಜೋಡಿಸಿ ನೋಡಿದರೆ ಹಲವು ಹೆಸರುಗಳು ಎರಡು-ಮೂರು ಕಡೆ ಇರಬಹುದು. ಇತ್ತ ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಸೀಟು ಸಿಕ್ಕ ಮಗಳಿಗೆ 5,000 ರೂಪಾಯಿಯಿಂದ ಶುಲ್ಕದ ಒಂದು ಮೂಲೆಯೂ ತುಂಬುವುದಿಲ್ಲ. ಅದೇ ನಾಲ್ಕು ಸಂಸ್ಥೆಗಳು ಕೆಲಸ ಹಂಚಿಕೊಂಡು, ಒಂದು ಪಿಯುಸಿ ಮಕ್ಕಳನ್ನು, ಇನ್ನೊಂದು ಐಟಿಐ ಮತ್ತು ಡಿಪ್ಲೊಮಾ, ಮೂರನೆಯದು ವೃತ್ತಿಪರ ಪದವಿ, ನಾಲ್ಕನೆಯದು ಹಾಸ್ಟೆಲ್ ಖರ್ಚನ್ನು ನೋಡಿಕೊಂಡರೆ ಅದೇ ಹಣ ಓದು ಮುಗಿಯುವವರೆಗೂ ಜೊತೆಗಿರುತ್ತದೆ.

ಹಣ ವರ್ಗಾವಣೆಯಲ್ಲಿ ಎಚ್ಚರ

ಎಲ್ಲರ ಹಣವನ್ನೂ ಒಂದು ಟ್ರಸ್ಟ್‌ನ ಖಾತೆಗೆ ಹಾಕುವುದು ಸುಲಭ ಎನಿಸಬಹುದು. ಆದರೆ 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಒಂದು ನೋಂದಾಯಿತ ಟ್ರಸ್ಟ್ ಇನ್ನೊಂದು ನೋಂದಾಯಿತ ಟ್ರಸ್ಟ್‌ಗೆ ಕೊಟ್ಟ ದೇಣಿಗೆಯಲ್ಲಿ ಶೇ. 85 ಮಾತ್ರ ಧರ್ಮಾರ್ಥ ವೆಚ್ಚವೆಂದು ಲೆಕ್ಕಕ್ಕೆ ಬರುತ್ತದೆ. ಮೂಲನಿಧಿಗೆಂದು ಕೊಟ್ಟರೆ ಅದೂ ಬರುವುದಿಲ್ಲ. ವಿದೇಶಿ ದೇಣಿಗೆಯನ್ನಂತೂ 2020ರ ತಿದ್ದುಪಡಿಯ ಪ್ರಕಾರ ಬೇರೆ ಸಂಸ್ಥೆಗೆ ವರ್ಗಾಯಿಸುವಂತೆಯೇ ಇಲ್ಲ. ಆದ್ದರಿಂದ ತೀರ್ಮಾನ ಒಟ್ಟಿಗೆ ಆಗಲಿ, ಹಣ ಮಾತ್ರ ಆಯಾ ಟ್ರಸ್ಟ್‌ನ ಖಾತೆಯಿಂದಲೇ ನೇರವಾಗಿ ಕಾಲೇಜಿಗೆ ಅಥವಾ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಹೋಗಲಿ. ದಾನಿಗಳಿಗೆ ರಸೀದಿಯನ್ನೂ ತೆರಿಗೆ ವಿನಾಯಿತಿಯ ಪ್ರಮಾಣಪತ್ರವನ್ನೂ ಆಯಾ ಟ್ರಸ್ಟ್ ಎಂದಿನಂತೆ ಕೊಡಬಹುದು. ಜಾರಿಯಲ್ಲಿರುವ ನಿಯಮವನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಸರ್ಕಾರದ ಸೌಲಭ್ಯ ಬಿಟ್ಟುಹೋಗದಿರಲಿ

2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶೈಕ್ಷಣಿಕ ಸಾಲ ಮೊದಲಾದ ಯೋಜನೆಗಳಿಗೆ ನಮ್ಮ ಅರ್ಹ ಮಕ್ಕಳೂ ಅರ್ಜಿ ಹಾಕಬಹುದು. ಇದಕ್ಕೆ ಆದಾಯ ಪ್ರಮಾಣಪತ್ರ, ಅಲ್ಪಸಂಖ್ಯಾತ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ನಾಡಕಚೇರಿ ಅಲೆದು ಇವನ್ನು ಹೊಂದಿಸುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಸಮಾಜದ ಸಂಸ್ಥೆಗಳು ಸೇರಿ ಬಸದಿಯ ಸಭಾಭವನದಲ್ಲಿ ಎರಡು ಭಾನುವಾರ ಅರ್ಜಿ ತುಂಬುವ ಶಿಬಿರ ನಡೆಸಿದರೆ ಸಾಕು. ಒಂದು ಅರ್ಜಿ ಸರಿಯಾಗಿ ತುಂಬಿಕೊಟ್ಟರೆ, ಹಲವು ಸಲ ಅದು ನಾವು ಕೊಡುವ ಚೆಕ್‌ಗಿಂತ ದೊಡ್ಡ ನೆರವು.

ಕೇಳುವವರ ಮಾನ ಕಾಪಾಡಿ

ಒಂದೇ ಪಟ್ಟಿ ಎಂದರೆ ಎಲ್ಲರೂ ನೋಡುವ ಪಟ್ಟಿಯಲ್ಲ. ಪ್ರತಿ ಸಂಸ್ಥೆಯಿಂದ ಒಬ್ಬರಂತೆ ನೇಮಿಸಿದ ಸಮಿತಿಯ ಬಳಿ ಮಾತ್ರ ಅದು ಇರಲಿ, ಅರ್ಜಿಯಲ್ಲೇ ಕುಟುಂಬದ ಒಪ್ಪಿಗೆ ಪಡೆಯಲಿ. ಚೆಕ್ ಹಿಡಿದ ಮಗುವಿನ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ ಎಂಬ ಸಂಕೋಚಕ್ಕೇ ಅರ್ಜಿ ಹಾಕದೆ ಉಳಿಯುವ ತಂದೆ-ತಾಯಿಗಳಿದ್ದಾರೆ. ಅಂಥ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದು. ಸಾಧರ್ಮಿಯ ಮಾನ ಉಳಿಸಿ ಕೊಟ್ಟಾಗಲೇ ಅದು ವಾತ್ಸಲ್ಯ.

ಈ ವರ್ಷವೇ ಆರಂಭಿಸಲು

ಜಿಲ್ಲೆಯ ಎರಡು ಸಂಸ್ಥೆಗಳು ಒಪ್ಪಿದರೂ ಸಾಕು. ಒಂದು ಪುಟದ ಸಾಮಾನ್ಯ ಅರ್ಜಿ, ಒಂದೇ ಕೊನೆಯ ದಿನಾಂಕ, ಮಾಹಿತಿ ಕೊಡಲು ಪ್ರತಿ ಬಸದಿಯಲ್ಲಿ ಒಬ್ಬ ಸ್ವಯಂಸೇವಕ, ವರ್ಷದ ಕೊನೆಗೆ ಎಷ್ಟು ಮಕ್ಕಳಿಗೆ ಎಷ್ಟು ಹಣ ತಲುಪಿತು ಎಂಬ ಲೆಕ್ಕ. ಹೆಸರುಗಳಿಲ್ಲದ ಈ ಲೆಕ್ಕವನ್ನು ಬಸದಿಯ ಸೂಚನಾಫಲಕದಲ್ಲಿ ಹಾಕಿದರೆ ಉಳಿದ ಸಂಸ್ಥೆಗಳಲ್ಲೂ ನಂಬಿಕೆ ಹುಟ್ಟುತ್ತದೆ. 12 ವರ್ಷಕ್ಕೊಮ್ಮೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಾವೆಲ್ಲ ಒಂದಾಗಿ ದುಡಿಯುತ್ತೇವೆ. ಆ ಶಿಸ್ತಿನಲ್ಲಿ ಒಂದಂಶ ಪ್ರತಿವರ್ಷ ಜೂನ್ ತಿಂಗಳಿಗೆ ಬಂದರೂ, ಶುಲ್ಕವಿಲ್ಲದೆ ಓದು ಬಿಡುವ ಎಷ್ಟೋ ಮಕ್ಕಳು ಕಾಲೇಜಿನಲ್ಲೇ ಉಳಿಯುತ್ತಾರೆ.