ಕೊನೆಯ ಪುಟದ ಸಣ್ಣಕ್ಷರ

ಅಮೆರಿಕದ ಒಂದು ಪುಟ್ಟ ಪ್ರಕಾಶನಕ್ಕೆ ನಾನು ಬೆಂಗಳೂರಿನ ಮನೆಯಲ್ಲೇ ಕೂತು ಪುಟವಿನ್ಯಾಸ ಮಾಡಿಕೊಡುತ್ತೇನೆ. ಅವರು ಮಾರುವುದು ರೋಲ್‌ಪ್ಲೇಯಿಂಗ್ ಆಟದ ಸಾಹಸಕಥೆಗಳನ್ನು. ಬಹಳ ಕಾಲ ಅದರಲ್ಲಿ ನನಗೆ ತಲೆನೋವಿನ ಪುಟವೆಂದರೆ ಕೊನೆಯದು. ಅಲ್ಲಿ ಓಪನ್ ಗೇಮ್ ಲೈಸೆನ್ಸ್ ಅನ್ನು ಪೂರ್ತಿಯಾಗಿ ಅಚ್ಚು ಹಾಕಬೇಕು. ಅದರ 15ನೇ ಕಲಮಿನ ಕೆಳಗೆ, ಯಾರ್ಯಾರ ಪುಸ್ತಕದಿಂದ ಏನು ಎತ್ತಿಕೊಂಡಿದ್ದೇವೋ ಅವರೆಲ್ಲರ ಕಾಪಿರೈಟ್ ಸಾಲು ಬರಬೇಕು. ಬೇರೊಬ್ಬರ ಪುಸ್ತಕದಿಂದ ಒಂದೇ ಒಂದು ರಾಕ್ಷಸನನ್ನು ತಂದರೂ, ಅವರು ಯಾರಿಂದ ತಂದಿದ್ದರೋ ಆ ಸಾಲುಗಳೂ ಅವನ ಬೆನ್ನಿಗೇ ಬರುತ್ತವೆ. ಅಕ್ಷರ ಎಷ್ಟು ಕುಗ್ಗಿಸಿದರೂ ಪುಟ ಸಾಲದು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ತಾಳಮದ್ದಳೆಯಲ್ಲಿ ಪ್ರಸಂಗ ಮೊದಲೇ ಗೊತ್ತಿದ್ದರೂ ಮಾತು ಅರ್ಥಧಾರಿಯದೇ ಅಲ್ಲವೇ, ಇಲ್ಲೂ ಹಾಗೆಯೇ. ಆದರೆ ಏಟು ಬಿತ್ತೋ ತಪ್ಪಿತೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಕುಲದ ಹಿರಿಯಣ್ಣ.

ಆಟದ ನಿಯಮಕ್ಕೆ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ಇಲ್ಲ. ಅದನ್ನು ಬರೆದ ಮಾತುಗಳಿಗೆ ಇದೆ. ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಕೋರ್ಟಿಗೇ ಹೋಗಬೇಕು, ಸಣ್ಣ ಪ್ರಕಾಶಕನಿಗೆ ವಕೀಲರ ಫೀಸೇ ಸೋಲು. ಆಟದ ಮೊದಲ ಒಡೆಯ ಟಿಎಸ್‌ಆರ್ ಕಂಪನಿ 1990ರ ದಶಕದಲ್ಲಿ ಮೇಫೇರ್ ಗೇಮ್ಸ್ ಮೇಲೆ ದಾವೆ ಹೂಡಿದ್ದನ್ನು ಈ ಕಸುಬಿನವರೆಲ್ಲ ಬಲ್ಲರು.

1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. ಅಲ್ಲಿದ್ದ ರಯಾನ್ ಡ್ಯಾನ್ಸಿ ಲೆಕ್ಕಾಚಾರದ ಮನುಷ್ಯ. ನಿಯಮದ ಪುಸ್ತಕ ಆಡುವವರೆಲ್ಲ ಕೊಳ್ಳುತ್ತಾರೆ. ಸಾಹಸಕಥೆಯನ್ನು ಆಟ ನಡೆಸುವವನೊಬ್ಬ ಕೊಂಡರೆ ಸಾಕು. ಹಾಗಾದರೆ ಕಡಿಮೆ ಲಾಭದ ಕೆಲಸ ಬೇರೆಯವರೇ ಮಾಡಿಕೊಳ್ಳಲಿ, ನಮ್ಮ ನಿಯಮದ ಪುಸ್ತಕ ಖರ್ಚಾಗಲಿ! 2000ದಲ್ಲಿ, ನಿಯಮಗಳನ್ನು ಬಳಸಿ ಬೇರೆಯವರೂ ಬರೆಯಬಹುದೆನ್ನುವ ಓಪನ್ ಗೇಮ್ ಲೈಸೆನ್ಸ್ ಹೊರಬಿತ್ತು. ಇದು ದಾನವಲ್ಲ, ವ್ಯಾಪಾರ; ಹಾಗೆಂದೇ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಆಟದ ಮೂರನೇ ಆವೃತ್ತಿ ಬಿಡುಗಡೆಯಾದ ಜೆನ್ ಕಾನ್ ಮೇಳದಲ್ಲೇ ಗ್ರೀನ್ ರೋನಿನ್‌ನವರ ‘ಡೆತ್ ಇನ್ ಫ್ರೀಪೋರ್ಟ್’ ಮಾರಾಟಕ್ಕಿತ್ತು. ಆಮೇಲೆ ಬಂದದ್ದು ಪ್ರವಾಹ. 2003ರಲ್ಲಿ ಕಂಪನಿ ನಿಯಮಗಳನ್ನು ತಿದ್ದಿದಾಗ ಹಳೆಯ ನಿಯಮಕ್ಕೆ ಬರೆದ ಪುಸ್ತಕಗಳು ಅಂಗಡಿಗಳಲ್ಲಿ ಕೊಳೆತವು, ಹಲವು ಪ್ರಕಾಶಕರು ಬಾಗಿಲು ಹಾಕಿದರು. ಲೈಸೆನ್ಸ್ ಬರೆಯಲು ಹಕ್ಕು ಕೊಡುತ್ತದೆ, ಗಿರಾಕಿಯನ್ನು ಕೊಡುವುದಿಲ್ಲ.

2008ರ ನಾಲ್ಕನೇ ಆವೃತ್ತಿಗೆ ಕಂಪನಿ ಬಿಗಿಯಾದ ಬೇರೆ ಲೈಸೆನ್ಸ್ ತಂದಿತು. ಪೈಝೋ ಎಂಬ ಪ್ರಕಾಶನ ಅದಕ್ಕೆ ಸಹಿ ಹಾಕದೆ, ಹಳೆಯ ಲೈಸೆನ್ಸಿನಡಿ ಹಳೆಯ ನಿಯಮಗಳನ್ನೇ ಪರಿಷ್ಕರಿಸಿ 2009ರಲ್ಲಿ ‘ಪಾತ್‌ಫೈಂಡರ್’ ತಂದಿತು. ಹೊರಗಿನ ಪ್ರಕಾಶಕ ಮೂಲ ಕಂಪನಿಗೇ ಎದುರಾಳಿಯಾಗಿ ನಿಂತ! ಡ್ಯಾನ್ಸಿಯ ಲೆಕ್ಕದಲ್ಲಿ ಇದು ಇತ್ತೋ ಇಲ್ಲವೋ.

2023ರ ಜನವರಿಯಲ್ಲಿ ವಿಝರ್ಡ್ಸ್ ಕಂಪನಿಯ ಹೊಸ ಲೈಸೆನ್ಸಿನ ಕರಡು ಸೋರಿಕೆಯಾಯಿತು. ವರ್ಷಕ್ಕೆ 7,50,000 ಡಾಲರ್ ಮೀರಿದ ಆದಾಯಕ್ಕೆ 25 ಪ್ರತಿಶತ ರಾಯಲ್ಟಿ. ಲಾಭಕ್ಕಲ್ಲ, ಆದಾಯಕ್ಕೆ. ಚಿತ್ರಕಾರ, ಮುದ್ರಣ, ಸಾಗಣೆ ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವುದೇ ಅಷ್ಟಿರುವುದಿಲ್ಲ. ನಮ್ಮ ಪ್ರಕಾಶಕರು ಆ ಮೊತ್ತದ ಹತ್ತಿರಕ್ಕೂ ಹೋಗುವವರಲ್ಲ. ಆದರೂ ಎರಡು ವಾರ ಹೊಸ ಕೆಲಸ ಕಳಿಸಲಿಲ್ಲ. ಅವರನ್ನು ಹೆದರಿಸಿದ್ದು ಬೇರೆ: ಹಳೆಯ ಲೈಸೆನ್ಸ್ ಇನ್ನು ನಡೆಯದು, ನೀವು ಬರೆದದ್ದನ್ನು ಕಂಪನಿ ಬಿಡಿಗಾಸು ಕೊಡದೆ ಬಳಸಬಹುದು, ಮೂವತ್ತು ದಿನದ ನೋಟಿಸಿನಲ್ಲಿ ಷರತ್ತು ಬದಲಿಸಬಹುದು. 2000ದ ಪಠ್ಯದಲ್ಲಿ ಹಕ್ಕು ಶಾಶ್ವತ ಎಂದಿತ್ತು, ಹಿಂಪಡೆಯುವಂತಿಲ್ಲ ಎಂದಿರಲಿಲ್ಲ. ಇಪ್ಪತ್ತಮೂರು ವರ್ಷದ ಕಸುಬು ಆ ಸಂದಿನ ಮೇಲೆ ನಿಂತಿತ್ತು.

ಆಟಗಾರರು ಕಂಪನಿಯ ಆನ್‌ಲೈನ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ಕಂಪನಿ ಕರಡನ್ನು ತಿದ್ದಿ, ತಾನೇ ಅಭಿಪ್ರಾಯ ಕೇಳಿದಾಗ 15,000ಕ್ಕೂ ಹೆಚ್ಚು ಉತ್ತರ ಬಂತು. ತಿದ್ದಿದ ಕರಡಿನಡಿಯೂ ಪುಸ್ತಕ ತರಲು ಇಷ್ಟವಿಲ್ಲ ಎಂದವರು 88 ಪ್ರತಿಶತ. ಜನವರಿ 27ರಂದು ಕಂಪನಿ ಹಳೆಯ ಲೈಸೆನ್ಸನ್ನು ಮುಟ್ಟದೆ ಬಿಟ್ಟಿದ್ದಲ್ಲದೆ, ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಕೊಟ್ಟಿತು. ಅದನ್ನು ಹಿಂಪಡೆಯುವಂತಿಲ್ಲ.

ಆದರೂ ಪ್ರಕಾಶಕರು ಹಿಂದಿನ ಜಾಗಕ್ಕೆ ಮರಳಲಿಲ್ಲ. ಪೈಝೋ ಇತರರನ್ನು ಕೂಡಿಕೊಂಡು ಓಆರ್‌ಸಿ ಎಂಬ ಲೈಸೆನ್ಸ್ ಬರೆಸಿತು. ತನ್ನ ಪುಸ್ತಕಗಳಿಂದ ವಿಝರ್ಡ್ಸ್‌ನ ಗುರುತುಗಳನ್ನು ಹೆಕ್ಕಿ ತೆಗೆದು ಮತ್ತೆ ಅಚ್ಚು ಹಾಕಿತು. ‘ಮ್ಯಾಜಿಕ್ ಮಿಸೈಲ್’ ಎಂಬ ಹಳೆಯ ಮಂತ್ರ ಅಲ್ಲಿ ‘ಫೋರ್ಸ್ ಬರಾಜ್’ ಆಗಿದೆ. ಕೋಬೋಲ್ಡ್ ಪ್ರೆಸ್ ‘ಟೇಲ್ಸ್ ಆಫ್ ದ ವೇಲಿಯಂಟ್’ ಎಂಬ ತನ್ನದೇ ಆಟ ಕಟ್ಟಿಕೊಂಡಿತು.

ಈಗ ಕ್ರಿಯೇಟಿವ್ ಕಾಮನ್ಸ್ ಅಡಿ ಬಂದ ಆ ಐದನೇ ಆವೃತ್ತಿಯ ನಿಯಮಗಳನ್ನು ಬಳಸುವವರು ಒಂದು ಸಣ್ಣ ಕೃತಜ್ಞತಾ ಟಿಪ್ಪಣಿ ಹಾಕಿದರೆ ಸಾಕು. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳನ್ನು ವಿಝರ್ಡ್ಸ್ ಕಂಪನಿಯೇ ಹೊರತಂದಿದೆ. ಕನ್ನಡಕ್ಕೆ ತರುವವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಅಚ್ಚು ಹಾಕಿಸಿ, ತೋಚಿದ ಬೆಲೆಗೆ ಮಾರಬಹುದು. ಪುಟವಿನ್ಯಾಸಕ್ಕೆ ನಾನಿದ್ದೇನೆ, ದರ ಮಾತಾಡೋಣ.